ಹೂಂ ಎನ್ನುವ ಎಂಟು ದೀಪ

ಸುಪ್ರಜಾಗೆ ಬಣ್ಣಗಳು ನಿದ್ದೆಯಲ್ಲಿ ಬರುತ್ತಿದ್ದವು. ಬೇರೆಯವರ ಕನಸಿಗೆ ಹಾವು ಬರುತ್ತದೆ, ಪರೀಕ್ಷೆ ಬರುತ್ತದೆ. ಇವಳ ಕನಸಿಗೆ ಸಣ್ಣ ಸಣ್ಣ ತಂತಿಗಳು ಬಂದು, ಮದುವೆಯ ಪಂಕ್ತಿಯಲ್ಲಿ ಕೂರುವ ನೆಂಟರ ಹಾಗೆ ಮೈ ಸರಿಸಿ ಜಾಗ ಮಾಡಿಕೊಂಡು ಕೂರುತ್ತಿದ್ದವು. ಬಿಳಿಕಿತ್ತಳೆ ಕಿತ್ತಳೆ, ಬಿಳಿಹಸಿರು ಹಸಿರು, ಬಿಳಿನೀಲಿ ನೀಲಿ, ಬಿಳಿಕಂದು ಕಂದು.

ಇದು ಅವಳ ಚಿಕ್ಕಪ್ಪ ಮನೋಹರ್ ಕಟ್ಟಿದ ಪದ. ನೆಟ್‌ವರ್ಕ್ ಕೇಬಲ್ಲಿನ ಹೊಟ್ಟೆಯೊಳಗೆ ಎಂಟು ತಂತಿಗಳಿರುತ್ತವೆ. ಎರಡೆರಡು ತಂತಿ ಒಂದನ್ನೊಂದು ಸುತ್ತಿ ಹೊಸೆದುಕೊಂಡಿರುತ್ತವೆ. ಒಂದು ಬಣ್ಣದ್ದು, ಅದರ ಜೊತೆಯದು ಅದೇ ಬಣ್ಣದ ಗೆರೆಯಿರುವ ಬಿಳಿ. ತುದಿಯಲ್ಲಿ ಹೊಸೆತ ಬಿಡಿಸಿ, ಎಂಟನ್ನೂ ಸಾಲಾಗಿ ಹಿಡಿದು, ಪ್ಲಗ್ಗಿನೊಳಗೆ ತೂರಿಸಿ ಒತ್ತಬೇಕು. ಸಾಲು ತಪ್ಪದಿರಲೆಂದು ಚಿಕ್ಕಪ್ಪ ಅದಕ್ಕೊಂದು ರಾಗ ಹಾಕಿದ್ದ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಸುಪ್ರಜಾ ಚಾಮರಾಜಪೇಟೆಯ ವಠಾರಕ್ಕೆ ಬಂದ ವರ್ಷ, ಮದುವೆಯಾಗದ ಆ ಮನುಷ್ಯನಿಗೆ ಬೇರೆ ಜೋಗುಳ ಗೊತ್ತಿರಲಿಲ್ಲ. ಇದನ್ನೇ ಹಾಡಿ ಮಲಗಿಸಿದ್ದ. ಈಗ ಅವಳು ಅವನ ಜೊತೆಗೇ ಕೆಲಸ ಮಾಡುತ್ತಾಳೆ. ಅವನು ಏಣಿಯ ಮೇಲೆ, ಅವಳು ಏಣಿಯ ಕೆಳಗೆ, ಕೆಲವೊಮ್ಮೆ ಅದಲುಬದಲು.

ಬಣ್ಣ ತನ್ನ ಜೋಡಿಯ ಪಕ್ಕದಲ್ಲೇ ಕೂರಬೇಕು ಅನ್ನುವುದು ಅವನಿಗೆ ಅಮ್ಮ ಸರಸ್ವತಮ್ಮನಿಂದ ಬಂದದ್ದು. ಅಜ್ಜಿ ಮಧ್ಯಾಹ್ನದ ಹೊತ್ತು ಹತ್ತಿ ಹಿಡಿದು ಕೂತು ಬತ್ತಿ ಹೊಸೆಯುತ್ತಿದ್ದಳು. ಒಂಟಿ ಬತ್ತಿ ಹಚ್ಚುವುದು ಆ ಮನೆಯಲ್ಲಿ ಬಾಯಲ್ಲಿ ಆಡುವ ಮಾತೂ ಅಲ್ಲ. ಅದು ಸತ್ತವರ ತಲೆದೆಸೆಗೆ. ಎರಡನ್ನು ಸೇರಿಸಿ ಒಂದು ಮಾಡಿಯೇ ಎಣ್ಣೆಗೆ ಇಳಿಸಬೇಕು. ಮೊದಲ ಸಲ ಕೇಬಲ್ಲಿನ ಸಿಪ್ಪೆ ಸುಲಿದು ಒಳಗಿನ ಹೊಸೆದ ಜೋಡಿಗಳನ್ನು ಕಂಡಾಗ ಚಿಕ್ಕಪ್ಪನಿಗೆ, ಅಯ್ಯೋ ಇದು ನಮ್ಮನೆ ವಿದ್ಯೆ, ಅನ್ನಿಸಿತಂತೆ. ಪ್ಲಗ್ಗುಗಳ ಪೊಟ್ಟಣದ ಮೇಲೆ ಬೇರೊಂದು ಸಾಲು ಅಚ್ಚಾಗಿರುತ್ತಿತ್ತು. ಅದರಲ್ಲಿ ಹಸಿರಿನ ಜೋಡಿಯನ್ನು ಬಿಡಿಸಿ, ನಡುವೆ ನೀಲಿಯವರನ್ನು ತಂದು ಕೂರಿಸಿದ್ದರು.

"ಅದು ಫಾರಿನ್ನವರ ಲೆಕ್ಕ ಕಣೆ," ಅನ್ನುತ್ತಿದ್ದ ಚಿಕ್ಕಪ್ಪ. "ಅವರು ಗಂಡ ಹೆಂಡತೀನ ಎಲ್ಲಿ ಬೇಕಾದ್ರೂ ಕೂರಿಸ್ತಾರೆ. ಎರಡು ತುದೀಲೂ ಒಂದೇ ಥರ ಇದ್ರೆ ಮುಗೀತು."

ಅವನ ಟೆಸ್ಟರ್ ಕೂಡ ಹಾಗೇ ಹೇಳುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಪೆಟ್ಟಿಗೆ, ಮೈಮೇಲೆ ಎಂಟು ಹಸಿರು ದೀಪ. ಕೇಬಲ್ಲಿನ ಒಂದು ತುದಿಗೆ ಅದನ್ನೂ ಇನ್ನೊಂದು ತುದಿಗೆ ಅದರ ಮರಿಯನ್ನೂ ಸಿಕ್ಕಿಸಿದರೆ ದೀಪಗಳು ಒಂದರ ಹಿಂದೆ ಒಂದು ಹತ್ತಿ ಓಡುತ್ತಿದ್ದವು. ಓಡಿತೆಂದರೆ ಚಿಕ್ಕಪ್ಪ "ಸುಖೀಭವ" ಅಂದು ಏಣಿ ಇಳಿಯುತ್ತಿದ್ದ. ಎಲ್ಲೋ ಒಂದೊಂದು ಕಡೆ, ಅದೂ ಉದ್ದದ ಕೇಬಲ್ ಎಳೆದಲ್ಲಿ, ನೆಟ್ ಕುಂಟುವುದಿತ್ತು. ತರಗುಪೇಟೆಯ ಪುಟ್ಟಯ್ಯನ ಬೇಳೆ ಮಂಡಿಯಲ್ಲಂತೂ ವರ್ಷಗಳಿಂದ ಕುಂಟುತ್ತಲೇ ಇತ್ತು. ಚಿಕ್ಕಪ್ಪ ಎರಡೆರಡು ಸಲ ದೀಪ ಓಡಿಸಿ ತೋರಿಸಿ, "ಇಲಿ ಕಣ್ರೀ ಪುಟ್ಟಯ್ಯನೋರೇ, ಬೇಳೆ ಇರೋ ಕಡೆ ಇಲಿ," ಅಂದಿದ್ದ. ಪುಟ್ಟಯ್ಯ ಬೋನು ಇಟ್ಟ, ಬೆಕ್ಕು ಸಾಕಿದ. ಬೆಕ್ಕು ದಪ್ಪಗಾಯಿತು.

ಆಮೇಲೆ ಬಸವನಗುಡಿಯ ಓದುಮನೆಯ ಕೆಲಸ ಬಂತು. ಅದೊಂದು ಹಳೆಯ ಬಂಗಲೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಊರಿನವರು ಬಿಡುವಿದ್ದಾಗ ಬಂದು ಪಠ್ಯಗಳನ್ನು ಗಟ್ಟಿಯಾಗಿ ಓದಿ ಧ್ವನಿ ತುಂಬಿಸಿ ಹೋಗುತ್ತಾರೆ. ಆ ಧ್ವನಿಗಳೆಲ್ಲ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಕೂತಿರುತ್ತವೆ. ಬೇರೆ ಬೇರೆ ಕೋಣೆಗಳಲ್ಲಿ ಹುಡುಗರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಕಲ್ಲಿನ ಗೋಡೆ ದಾಟಿ ವೈಫೈ ಹೋಗುತ್ತಿರಲಿಲ್ಲ. ಹಾಗಾಗಿ ಚಿಕ್ಕಪ್ಪನೂ ಸುಪ್ರಜಾಳೂ ಅಟ್ಟದ ಮೇಲೆ ತೆವಳಿ, ಬಾವಲಿಗಳ ಕ್ಷಮೆ ಕೇಳಿ, ಕೇಬಲ್ ಎಳೆದರು. ದೀಪಗಳು ಓಡಿದವು. ಹತ್ತಿರದ ಕೋಣೆಗಳಲ್ಲಿ ಧ್ವನಿ ಹಾಲು ಹೊಯ್ದ ಹಾಗೆ ಬಂತು. ಕೇಬಲ್ ಅತಿ ಉದ್ದವಾಗಿದ್ದ ಹಿತ್ತಲ ಕೋಣೆಯಲ್ಲಿ ಮಾತ್ರ ತಿಂಗಳುಗಟ್ಟಲೆ ಮುರಿದು ಮುರಿದೇ ಬಂತು.

ಆ ಕೋಣೆಯಲ್ಲಿ ಕೂತು ಇತಿಹಾಸ ಓದುವವಳು ತನ್ಮಯಿ ಎಂಬ ಹುಡುಗಿ. ದೂರು ಹೇಳುವ ಪೈಕಿಯಲ್ಲ.

"ಮುರಿದ ಕಡೆ ನಾನೇ ಏನಾದ್ರೂ ತುಂಬ್ಕೋತೀನಿ ಅಕ್ಕ," ಅಂದಿದ್ದಳು ಸುಪ್ರಜಾಗೆ. "ಅಭ್ಯಾಸ ಆಗ್ಬಿಟ್ಟಿದೆ. ಹೋದ ಸಲ ಪರೀಕ್ಷೇಲಿ ನಾನು ತುಂಬಿದ್ದನ್ನೇ ಬರೆಸ್ಬಿಟ್ಟೆ. ಪಾಪ, ಒಬ್ಬ ರಾಜ ಅವನಪ್ಪ ಹುಟ್ಟೋಕೆ ಮುಂಚೆನೇ ಯುದ್ಧಕ್ಕೆ ಹೋದ."

ಅವಳು ನಕ್ಕಳು. ಓದುಮನೆಯನ್ನು ನೋಡಿಕೊಳ್ಳುವ ರಾಮಾನುಜರು ನಗಲಿಲ್ಲ. ಅವರು ನಿವೃತ್ತ ಮೇಷ್ಟ್ರು, ಬಯ್ಯುವಾಗಲೂ ಮೃದು. "ಮನೋಹರ್ ಅವರೇ, ನಿಮ್ಮ ಮೇಲೆ ವಿಶ್ವಾಸ ಇಲ್ಲ ಅಂತಲ್ಲ. ಮುಂದಿನ ವಾರ ಈ ಮಕ್ಕಳಿಗೆ ಪರೀಕ್ಷೆ. ಶುಕ್ರವಾರದೊಳಗೆ ಸರಿ ಹೋಗದಿದ್ರೆ ಬೇರೆ ಕಂಪನಿಯವರನ್ನ ಕರೆಸ್ತೀನಿ. ಅವರು ಎಲ್ಲಾ ಕಿತ್ತು ಹೊಸದಾಗಿ ಹಾಕ್ತಾರಂತೆ."

ಎಲ್ಲಾ ಕಿತ್ತು. ಆ ಮಾತು ಕೇಳಿ ಚಿಕ್ಕಪ್ಪ ಏಣಿ ಹತ್ತಿದ, ಮತ್ತೊಮ್ಮೆ ದೀಪ ಓಡಿಸಲು ಹೋದ, ಕೈ ಜಾರಿ ಟೆಸ್ಟರ್ ಕೆಳಗೆ ಬಿತ್ತು. ಮೊಸಾಯಿಕ್ ನೆಲಕ್ಕೆ ಬಿದ್ದ ಎಂಟು ದೀಪದಲ್ಲಿ ಒಂದೂ ಮತ್ತೆ ಕಣ್ಣು ಬಿಡಲಿಲ್ಲ.

"ಇದೇ ಥರದ್ದು ಇನ್ನೊಂದು ತಗೊಂಡ್ ಬಾ ಪ್ರಜಾ," ಅಂದ. "ತಪ್ಪು ಕೇಬಲ್‌ದಲ್ಲ. ತೋರಿಸ್ಬಿಡೋಣ ಅವರಿಗೆ."

ಅವಳು ಎಸ್.ಪಿ. ರಸ್ತೆಗೆ ಹೋದಳು. ಅಲ್ಲಿ ಶಶಿಕಿರಣ್ ಎಂಬವನ ಅಂಗಡಿ ಬಾವಿಯ ಹಾಗಿತ್ತು, ಹೊರಗಿನ ಬಿಸಿಲು ಎರಡು ಹೆಜ್ಜೆಗೇ ಸೋತು, ಒಳಗೆಲ್ಲ ತಂಪಾದ ಪ್ಲಾಸ್ಟಿಕ್ ವಾಸನೆ. ಗೋಡೆ ತುಂಬ ಸುರುಳಿ ಸುತ್ತಿದ ಕೇಬಲ್ಲುಗಳು ನಿದ್ದೆ ಮಾಡುತ್ತಿದ್ದವು. ಅವನು ಟೀ ಲೋಟ ಬದಿಗಿಟ್ಟು, ಗಾಜಿನ ಮೇಲೆ ಮೂರು ಉಪಕರಣ ಇಟ್ಟ.

"ಮೊದಲು ಒಂದು ಹೇಳಿ ಮೇಡಂ. ನಿಮಗೆ ಏನು ಗೊತ್ತಾಗ್ಬೇಕು?"

"ಕೇಬಲ್ ಸರಿ ಇದೆಯಾ ಇಲ್ವಾ ಅಂತ."

"ಅದರಲ್ಲೇ ಮೂರು ಥರ ಇದೆ. ಇದು," ಎಂಟು ದೀಪದ ಪೆಟ್ಟಿಗೆಯನ್ನು ತೋರಿಸಿದ, "ನಿಮ್ಮ ಹಳೇದರ ತಮ್ಮ. ಈ ತುದಿಯಿಂದ ಆ ತುದಿಗೆ ತಂತಿ ಮುಟ್ಟಿದೆಯಾ, ಸಾಲು ಅದೇ ಇದೆಯಾ ಅಂತ ಹೇಳತ್ತೆ. ಅಷ್ಟೇ. ಈ ಮಧ್ಯದ್ದು ಸ್ಕ್ರೀನ್ ಇರೋದು. ಉದ್ದ ಎಷ್ಟು, ಎಲ್ಲಿ ಕಟ್ ಆಗಿದೆ, ಯಾವ ಜೋಡಿ ತಪ್ಪಿದೆ, ಎಲ್ಲಾ ತೋರಿಸತ್ತೆ. ಮನೆ, ಸ್ಕೂಲು, ಸಣ್ಣ ಆಫೀಸ್ ಮಾಡೋರು ಇದನ್ನೇ ಒಯ್ಯೋದು."

"ಈ ಮೂರನೇದು, ಸೂಟ್‌ಕೇಸಿನ ಥರದ್ದು?"

"ಅದು ಟೆಕ್‌ಪಾರ್ಕ್‌ನವರಿಗೆ. ಒಂದೊಂದು ಕೇಬಲ್‌ಗೂ ಅಳತೆ ಅಂಕಿ ಸಮೇತ ಜಾತಕ ಬರ್ದು ಕೊಡತ್ತೆ. ನಿಮ್ಮ ಹತ್ರ ಯಾರೂ ಜಾತಕ ಕೇಳಲ್ಲ ಅಂದ್ರೆ ಬೇಡ, ಮನೆಗೆ ಆನೆ ತಂದ ಹಾಗಾಗತ್ತೆ. ಬೇಕಾದ ದಿನ ಬಾಡಿಗೆಗೆ ಸಿಗತ್ತೆ. ಕೇಬಲ್ ತಂದಿದೀರಾ? ಕೊಡಿ."

ಅವಳ ಚೀಲದಲ್ಲಿ ಚಿಕ್ಕಪ್ಪ ಅಂದು ಬೆಳಿಗ್ಗೆಯೇ ಮಾಡಿದ ಒಂದು ಕೇಬಲ್ ಇತ್ತು. ಶಶಿಕಿರಣ್ ಅದನ್ನು ಮೊದಲನೆಯದಕ್ಕೆ ಸಿಕ್ಕಿಸಿದ. ದೀಪಗಳು ಓಡಿದವು. ಎರಡನೆಯದಕ್ಕೆ ಸಿಕ್ಕಿಸಿದ. ಸ್ಕ್ರೀನಿನ ಮೇಲೆ ಎಂಟು ಗೆರೆಗಳು ಮೂಡಿದವು. ಅಂಚಿನವು ಸುಮ್ಮನೆ ಮಲಗಿದ್ದವು, ನಡುವಿನ ನಾಲ್ಕು ಮಾತ್ರ ಮುಳ್ಳು ಚುಚ್ಚಿದ ಹಾಗೆ ಮಿಣುಕುತ್ತಿದ್ದವು.

"ಜೋಡಿ ಒಡೆದಿದೆ," ಅಂದ ಅವನು.

"ಸಾಧ್ಯನೇ ಇಲ್ಲ. ನಾವು ಯಾವತ್ತೂ ಜೋಡಿ ಬಿಡಿಸಲ್ಲ."

"ಅದೇ ಮೇಡಂ ತೊಂದರೆ." ಅವನು ಪ್ಲಗ್ಗನ್ನು ಬೆಳಕಿಗೆ ಹಿಡಿದ. "ತಂತಿಗೊಂದು ಮನೆ ಇದರಲ್ಲಿ. ಮೂರನೇ ಮನೆ, ಆರನೇ ಮನೆ, ಇವೆರಡೂ ಸೇರಿ ಒಂದು ಮಾತಾಡ್ತವೆ. ಮಷೀನ್ ಇರೋದೇ ಹಾಗೆ. ಆ ಎರಡು ಮನೇಲಿ ಹೊಸೆದ ಜೋಡಿ ಇರ್ಬೇಕು. ನೀವು ಮೂರಕ್ಕೆ ಬಿಳಿಹಸಿರು ಹಾಕಿದೀರಿ, ಆರಕ್ಕೆ ನೀಲಿ. ಒಂದು ಈ ಹೊಸೆತದ್ದು, ಇನ್ನೊಂದು ಆ ಹೊಸೆತದ್ದು. ಪಕ್ಕದ ಮನೆ ಮಾತೆಲ್ಲ ಒಳಗೆ ಬರತ್ತೆ. ಗಿಡ್ಡ ಕೇಬಲ್‌ನಲ್ಲಿ ಹೇಗೋ ನಡೆಯತ್ತೆ. ಉದ್ದ ಆದ್ರೆ ಗಲಾಟೆ. ಯಾರು ಮಾಡಿದ್ದು ಇದನ್ನ?"

ಸುಪ್ರಜಾ ಕೇಬಲ್ಲನ್ನು ಅವನ ಕೈಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅವಳ ಕಿವಿಯಲ್ಲಿ ಜೋಗುಳ ಓಡುತ್ತಿತ್ತು. ಅದು ಹಸಿರು, ನೀಲಿ ಅನ್ನುವಲ್ಲಿಗೆ ಬಂದಾಗಲೆಲ್ಲ ಯಾರೋ ಮೆಟ್ಟಿಲು ತಪ್ಪುತ್ತಿದ್ದರು. ಚಾಮರಾಜಪೇಟೆಯ, ಬಸವನಗುಡಿಯ ಎಷ್ಟೋ ಮನೆಗಳ ಗೋಡೆಯೊಳಗೆ ಆ ಪದ ಮಲಗಿತ್ತು.

"ಮೊದಲನೇದು ಕೊಡಿ," ಅಂದಳು.

"ಹಳೇದರ ತಮ್ಮನಾ?"

"ಹೂಂ."

ಅಂಗಡಿಯಿಂದ ಹೊರಬಿದ್ದು ನಡೆದಳು. ಆಟೋ ಹತ್ತಲು ಮನಸ್ಸಾಗಲಿಲ್ಲ. ಬೀದಿ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದ ಹಾಗಿತ್ತು. ಗಾಡಿಗಳು, ಮೂಟೆಗಳು, ಹೂವು, ಎಲ್ಲವೂ ನೀರಿನಡಿಯಿಂದ ಕಂಡಷ್ಟು ನಿಧಾನ. ಮಾರ್ಕೆಟ್ಟಿನ ಬದಿಯಲ್ಲಿ ಒಬ್ಬಳು ಹೂ ಕಟ್ಟುತ್ತಿದ್ದಳು, ದಾರ ಎರಡು ಹೂವನ್ನು ಸುತ್ತಿ ಬಿಗಿದು ಮುಂದಕ್ಕೆ ಹೋಗುತ್ತಿತ್ತು. ಶಾಲೆ ಬಿಟ್ಟ ಹುಡುಗಿಯ ಜಡೆ ಬಸ್ಸಿನ ಕಿಟಕಿಯಿಂದ ಇಳಿಬಿದ್ದಿತ್ತು. ಊರಿನಲ್ಲಿ ಹೊಸೆದದ್ದು ಇಷ್ಟಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ತರಗುಪೇಟೆಯಲ್ಲಿ ಕಾಲು ತಾನಾಗಿ ನಿಂತಿತು. ಪುಟ್ಟಯ್ಯನ ಮಂಡಿ. ಪುಟ್ಟಯ್ಯ ಒಳಗೆ ಫೋನಿನಲ್ಲಿ ಯಾರಿಗೋ "ಲೋಡ್ ಆಗ್ತಿದೆ, ಲೋಡ್ ಆಗ್ತಿದೆ, ತಡೀರಿ" ಅನ್ನುತ್ತಿದ್ದ. ಬೆಕ್ಕು ತೊಗರಿಬೇಳೆ ಮೂಟೆಯ ಮೇಲೆ ಜಮೀನ್ದಾರನ ಹಾಗೆ ಮಲಗಿತ್ತು. ಸುಪ್ರಜಾ ಜಗಲಿಯ ತುದಿಯಲ್ಲಿ ಕೂತು, ಹೊಸ ಟೆಸ್ಟರ್ ತೆಗೆದು, ಚಿಕ್ಕಪ್ಪನ ಕೇಬಲ್ಲಿನ ಎರಡೂ ತುದಿ ಸಿಕ್ಕಿಸಿದಳು.

ದೀಪಗಳು ಓಡಿದವು. ಎಷ್ಟು ಚೆಂದ. ಗಣೇಶನ ಪೆಂಡಾಲಿನ ಸೀರಿಯಲ್ ದೀಪದ ಹಾಗೆ, ಕೊನೆ ಮುಟ್ಟಿ ಮತ್ತೆ ಮೊದಲಿಂದ. ಇದನ್ನು ಮನೆಗೆ ಒಯ್ದರೆ ಚಿಕ್ಕಪ್ಪ ಸುಖೀಭವ ಅನ್ನುತ್ತಾನೆ. ರಾಮಾನುಜರು ಬೇರೆಯವರನ್ನು ಕರೆಸುತ್ತಾರೆ, ಅವರು ಎಲ್ಲಾ ಕಿತ್ತು ಹಾಕುತ್ತಾರೆ, ಚಿಕ್ಕಪ್ಪ ಆ ದುಃಖವನ್ನೂ ಇಲಿಯ ಲೆಕ್ಕಕ್ಕೋ ಬಾವಲಿಯ ಲೆಕ್ಕಕ್ಕೋ ಬರೆದುಕೊಂಡು, ತಾನು ಸರಿಯಿದ್ದೆ ಎಂದೇ ಮುದುಕನಾಗುತ್ತಾನೆ. ಅದರಲ್ಲಿ ಏನು ತಪ್ಪು?

ತಂತಿ ಮುಟ್ಟಿದೆಯಾ? ಹೂಂ, ಅಂದವು ದೀಪಗಳು. ಸಾಲು ಸರಿಯಿದೆಯಾ? ಹೂಂ. ಅವಳಿಗೆ ಸುಮ್ಮನೆ ಆಟವಾಡುವ ಮನಸ್ಸಾಯಿತು. ಹಿತ್ತಲ ಕೋಣೆಯಲ್ಲಿ ಧ್ವನಿ ಇಡಿಯಾಗಿ ಬರುತ್ತಿದೆಯಾ? ಹೂಂ. ರಾಜ ಅವನಪ್ಪ ಹುಟ್ಟುವ ಮುಂಚೆ ಯುದ್ಧಕ್ಕೆ ಹೋದನಾ? ಹೂಂ, ಹೂಂ, ಹೂಂ. ಮನೆಗೆ ಬಂದು ಎಲ್ಲದಕ್ಕೂ ಹೂಂ ಅಂದು ಊಟ ಮಾಡಿ ಹೋಗುವ ದೂರದ ನೆಂಟ ಈ ಪೆಟ್ಟಿಗೆ. ತನ್ಮಯಿಯ ಮುಖ ನೆನಪಾಯಿತು: ಮುರಿದ ಜಾಗ ಬಂದಾಗ ಅವಳು ಒಂದು ಗಳಿಗೆ ತಲೆ ಎತ್ತಿ, ಗಾಳಿಯಿಂದ ಒಂದು ಪದ ಆರಿಸಿ, ಆ ಗುಂಡಿಗೆ ತುಂಬಿ ಮುಂದೆ ಹೋಗುತ್ತಿದ್ದಳು. ತಾನೂ ಈಗ ಮಾಡುತ್ತಿರುವುದು ಅದನ್ನೇ. ಚಿಕ್ಕಪ್ಪನಿಗಾಗಿ ತುಂಬುತ್ತಿರುವುದು, ಅಷ್ಟೇ ವ್ಯತ್ಯಾಸ.

ಬೆಕ್ಕು ಒಂದು ಕಣ್ಣು ತೆರೆದು ಅವಳನ್ನು ನೋಡಿ ಮುಚ್ಚಿತು. ಅವಳು ಎದ್ದು ಬಂದ ದಾರಿಯಲ್ಲೇ ತಿರುಗಿ ನಡೆದಳು.

ಶಶಿಕಿರಣ್ ದೀಪದ ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡ. ಸ್ಕ್ರೀನಿನದನ್ನು ಡಬ್ಬಿಗೆ ಹಾಕುತ್ತ, "ಬೈತಾರಾ ಮನೇಲಿ?" ಅಂದ.

"ಬೈದ್ರೆ ಚೆನ್ನಾಗಿತ್ತು," ಅಂದಳು ಸುಪ್ರಜಾ.

ಮರುದಿನ ಬೆಳಿಗ್ಗೆ ಓದುಮನೆಯಲ್ಲಿ ಅವಳು ಚಿಕ್ಕಪ್ಪನಿಗೆ ಏನೂ ವಿವರಿಸಲಿಲ್ಲ. ಹಿತ್ತಲ ಕೋಣೆಯ ತುದಿಗೆ ಮರಿಯನ್ನು ಸಿಕ್ಕಿಸಿ ಬಂದು, ಮುಂದಿನ ಕೋಣೆಯ ತುದಿಗೆ ಟೆಸ್ಟರ್ ಸಿಕ್ಕಿಸಿ, ಅವನ ಕೈಗೆ ಕೊಟ್ಟಳು. ಅವನು ಕನ್ನಡಕ ಏರಿಸಿ ನೋಡಿದ. ನಡುವಿನ ನಾಲ್ಕು ಗೆರೆ ಮಿಣುಕಿದವು.

"ಇದೇನು ಹೇಳ್ತಿದೆ?"

"ಜೋಡಿ ಒಡೆದಿದೆ ಅಂತ."

"ಎಲ್ಲಿ?"

ಅವಳು ಪೊಟ್ಟಣದ ಮೇಲಿನ ಚಿತ್ರ ತೋರಿಸಿದಳು. ಮೂರನೇ ಮನೆ, ಆರನೇ ಮನೆ. ಶಶಿಕಿರಣ್ ಹೇಳಿದ್ದನ್ನು ಆದಷ್ಟು ಸಣ್ಣ ದನಿಯಲ್ಲಿ ಹೇಳಿದಳು. ಚಿಕ್ಕಪ್ಪ ಪಕ್ಕದ ಕೋಣೆಯ ಕೇಬಲ್ಲಿಗೆ ಸಿಕ್ಕಿಸಿ ನೋಡಿದ. ಅದರ ಪಕ್ಕದ್ದಕ್ಕೆ. ಎಲ್ಲ ಕಡೆ ಅದೇ ನಾಲ್ಕು ಗೆರೆ.

"ಎಲ್ಲಾನೂ?" ಅಂದ.

ಅವನು ಟೆಸ್ಟರನ್ನು ಮಗುವನ್ನು ಮಲಗಿಸಿದ ಹಾಗೆ ಮೇಜಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿ, ಗೇಟು ದಾಟಿ ಹೋದ. ಗೇಟಿನ ಚಿಲಕ ಹಾಕಲು ಮರೆತಿದ್ದ. ಅವನು ಎಂದೂ ಚಿಲಕ ಮರೆಯುವವನಲ್ಲ.

ಸುಪ್ರಜಾ ಒಬ್ಬಳೇ ಕೆಲಸಕ್ಕೆ ಕೂತಳು. ಮೊದಲು ಹಿತ್ತಲ ಕೋಣೆ. ತನ್ಮಯಿ ಮೂಲೆಯ ಕುರ್ಚಿಯಲ್ಲಿ ಕಾಯುತ್ತಿದ್ದಳು. ಹಳೆಯ ಪ್ಲಗ್ಗನ್ನು ಕತ್ತರಿಸಿದಾಗ ಅದು ನೆಲಕ್ಕೆ ಬಿದ್ದ ಸದ್ದು ಕೇಳಿ, "ಏನು ಬಿತ್ತು ಅಕ್ಕ, ಹಲ್ಲಾ?" ಅಂದಳು.

"ಹಾಗೇ ಅಂದ್ಕೋ."

ಹೊಸ ಸಾಲು ಬೆರಳಿಗೆ ಹತ್ತಲಿಲ್ಲ. ಬೆರಳುಗಳು ಹಳೆಯ ಜೋಗುಳದಲ್ಲಿ ಬೆಳೆದವು. ಹಸಿರನ್ನು ಬಿಳಿಹಸಿರಿನ ಪಕ್ಕಕ್ಕೆ ತಾವಾಗಿಯೇ ಎಳೆದು ತರುತ್ತಿದ್ದವು. ಎರಡು ಪ್ಲಗ್ ಹಾಳಾದವು. ಪ್ರತಿಸಲ ಹಸಿರನ್ನು ಅದರ ಜೊತೆಯಿಂದ ಬಿಡಿಸಿ ಆಚೆ ಕೂರಿಸುವಾಗ ಅವಳಿಗೆ ಯಾರದೋ ಮನೆ ಮುರಿದ ಹಾಗೆ ಅನ್ನಿಸುತ್ತಿತ್ತು. ಕೊನೆಗೆ ಒಂದು ಸರಿಯಾಗಿ ಕೂತಿತು. ಟೆಸ್ಟರಿನ ಮರಿಯನ್ನು ಸ್ಟೂಲಿನ ಮೇಲೆ ಇಟ್ಟು ಮುಂದಿನ ಕೋಣೆಗೆ ಬಂದಳು. ಅಲ್ಲಿಯ ತುದಿಯನ್ನೂ ಕತ್ತರಿಸಿ, ಹೊಸೆತ ಬಿಡಿಸಿ, ಸಾಲು ಹಿಡಿದು, ಒತ್ತಿದಳು. ಟೆಸ್ಟರ್ ಸಿಕ್ಕಿಸಿದ ಮೇಲೆ ನೆನಪಾಯಿತು, ಮರಿಯನ್ನು ಆ ತುದಿಗೆ ಸಿಕ್ಕಿಸಿಯೇ ಇಲ್ಲ. ಸ್ಕ್ರೀನಿನ ಮೇಲೆ ಎಂಟು ಗೆರೆಗಳು ಕತ್ತಲೊಳಗೆ ಚಾಚಿದ ಕೈಗಳ ಹಾಗೆ ಎಲ್ಲೋ ಹೋಗಿ ನಿಂತಿದ್ದವು. ಆಚೆ ಯಾರೂ ಇಲ್ಲ.

ಎದ್ದು ಹೋಗಬೇಕಿತ್ತು. ಹೋಗದೆ ಸುಮ್ಮನೆ ನೋಡುತ್ತ ಕೂತಳು. ಕಿಟಕಿಯ ಹೊರಗೆ ಹೊಂಗೆಯ ನೆರಳು ಅಲುಗುತ್ತಿತ್ತು. ಓದುವವರ ಕೋಣೆಯಿಂದ ಯಾರೋ ಹೆಂಗಸು ವಿಜ್ಞಾನದ ಪಾಠವನ್ನು ಪುರಾಣ ಓದುವ ಧಾಟಿಯಲ್ಲಿ ಓದುತ್ತಿದ್ದಳು.

ಕೈಯಲ್ಲಿದ್ದ ಸ್ಕ್ರೀನ್ ಬದಲಾಯಿತು. ಎಂಟು ಗೆರೆಗಳೂ ಆ ದಡ ಮುಟ್ಟಿದವು. ಯಾವುದೂ ಮಿಣುಕಲಿಲ್ಲ. ತನ್ಮಯಿ ತಡವಿ ಸಿಕ್ಕಿಸಿದಳೇನೋ ಅಂದುಕೊಳ್ಳುವಷ್ಟರಲ್ಲಿ ಫೋನ್ ಬಂತು. ಚಿಕ್ಕಪ್ಪ.

"ಬಂತಾ?"

"ಎಲ್ಲಿದೀಯ ನೀನು?"

"ಹಿತ್ತಲ ಬಾಗಿಲಿಂದ ಬಂದೆ. ಬಂತಾ ಹೇಳು."

"ಬಂತು ಚಿಕ್ಕಪ್ಪ. ಎಲ್ಲಾ ಸರಿಯಾಗಿದೆ."

ಆ ಕಡೆ ಉಸಿರು ಕೇಳಿಸಿತು. "ಮನೆಗೆ ಹೋಗಿ ಮಲಗಿದ್ದೆ ಕಣೆ. ನಿದ್ದೆ ಬರ್ಲಿಲ್ಲ. ಗೋಡೆ ನೋಡ್ತಾ ಇದ್ದೆ. ಆಗೆಲ್ಲ ಆ ಒಂದೇ ರೂಮಲ್ಲಿ ನಾವು ನಾಲ್ಕು ಜನ ಮಲಗ್ತಿದ್ವಿ. ಅಪ್ಪ ಆ ಗೋಡೆ ಪಕ್ಕ. ಅಮ್ಮ ಈ ಗೋಡೆ ಪಕ್ಕ. ಮಧ್ಯ ನಾನು, ನಿಮ್ಮಪ್ಪ. ಹಾಗಂತ ಅಪ್ಪ ಅಮ್ಮ ಬೇರೆ ಆಗಿದ್ರಾ?"

ಅವಳು ಸ್ಕ್ರೀನನ್ನೇ ನೋಡುತ್ತಿದ್ದಳು. ಮೂರನೇ ಗೆರೆ, ಆರನೇ ಗೆರೆ. ನಡುವೆ ಎರಡು.

"ನೀಲಿ ಅಂದ್ರೆ ನಾವಿಬ್ರು," ಅಂದ ಚಿಕ್ಕಪ್ಪ. "ಹಸಿರು ಅವರಿಬ್ರು. ಮಕ್ಕಳು ಮಧ್ಯ ಬಂದ್ರೆ ಜೋಡಿ ಒಡೆಯತ್ತಾ? ಆ ಫಾರಿನ್ನವನು ಯಾವನೋ ವಠಾರದಲ್ಲಿ ಬೆಳೆದೋನೇ ಇರ್ಬೇಕು. ಇಷ್ಟು ವರ್ಷ ನಾನು ನಮ್ಮಪ್ಪ ಅಮ್ಮನ್ನ ಒಂದು ಕಡೆ ಮಲಗಿಸಿ, ಮಕ್ಕಳು ನಮ್ಮಿಬ್ರನ್ನೂ ಗೋಡೆಗೆ ತಳ್ಬಿಟ್ಟಿದ್ದೆ ನೋಡು." ಆಮೇಲೆ ಹಳೆಯ ರಾಗದಲ್ಲೇ, ಆದರೆ ತಡವರಿಸುತ್ತ ಶುರು ಮಾಡಿದ. "ಬಿಳಿಕಿತ್ತಳೆ ಕಿತ್ತಳೆ, ಬಿಳಿಹಸಿರು... ತಡಿ... ಬಿಳಿಹಸಿರು ನೀಲಿ, ಬಿಳಿನೀಲಿ ಹಸಿರು..."

"ಬಿಳಿಕಂದು ಕಂದು," ಅಂದಳು ಸುಪ್ರಜಾ. ರಾಗ ಅಲ್ಲಿ ಮೊದಲಿನ ಹಾಗೇ ನೆಲಕ್ಕೆ ಇಳಿಯಿತು.

ಅವಳು ಕೇಬಲ್ಲನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿ ಹಿತ್ತಲ ಕೋಣೆಗೆ ಹೋದಾಗ, ಚಿಕ್ಕಪ್ಪ ಈ ತುದಿಯನ್ನೂ ಸಿಕ್ಕಿಸಿ ಗೋಡೆಗೆ ಒರಗಿ ನಿಂತಿದ್ದ. ತನ್ಮಯಿಯ ಕಿವಿಯ ಮೇಲೆ ಹೆಡ್‌ಫೋನ್ ಇತ್ತು. ಅವಳು ತಲೆ ಎತ್ತಲಿಲ್ಲ, ಗಾಳಿಯಿಂದ ಪದ ಹುಡುಕಲಿಲ್ಲ. ರಾಮಾನುಜರು ಬಾಗಿಲಲ್ಲಿ ಬಂದು ನಿಂತರು. ಎಲ್ಲರೂ ಆ ಹುಡುಗಿಯ ಮುಖವನ್ನು ದೇವರ ಮುಂದಿನ ದೀಪ ನೋಡುವ ಹಾಗೆ ನೋಡುತ್ತ ನಿಂತರು.

"ಓದೋರು ಹಾಳೆ ತಿರುಗಿಸಿದ್ದು ಕೇಳಿಸ್ತು," ಅಂದಳು ತನ್ಮಯಿ ಕೊನೆಗೆ. "ಅವರಿಗೆ ನೆಗಡಿ ಆಗಿದೆ ಅಕ್ಕ. ನನಗೆ ಗೊತ್ತೇ ಇರ್ಲಿಲ್ಲ."

ರಾಮಾನುಜರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. "ಹಾಗಿದ್ರೆ ಆ ಕಂಪನಿಯವರಿಗೆ ಬೇಡ ಅಂತೀನಿ."

"ಇವತ್ತೇ ಅನ್ಬೇಡಿ ಸಾರ್," ಅಂದ ಚಿಕ್ಕಪ್ಪ. "ಮಿಕ್ಕ ಕೋಣೆದೂ ಎಲ್ಲಾ ತುದಿ ಕತ್ತರಿಸಿ ಹೊಸದಾಗಿ ಹಾಕ್ತೀವಿ. ಒಂದೊಂದನ್ನೂ ಇದರಲ್ಲಿ ನಿಮಗೆ ತೋರಿಸ್ತೀವಿ. ಆಮೇಲೆ ಅನ್ನಿ."

ಅಂದು ಮಧ್ಯಾಹ್ನವೆಲ್ಲ ಅವರಿಬ್ಬರೂ ಕೋಣೆಯಿಂದ ಕೋಣೆಗೆ ಹೋದರು. ಕತ್ತರಿಸಿದ ಪ್ಲಗ್ಗುಗಳು ಸುಪ್ರಜಾಳ ಚೀಲದಲ್ಲಿ ಗಲಗಲ ಅನ್ನುತ್ತಿದ್ದವು. ಚಿಕ್ಕಪ್ಪ ಎರಡು ಸಲ ಹಳೆಯ ಸಾಲು ಹಾಕಿದ. ಎರಡು ಸಲವೂ ಗೆರೆಗಳು ಮಿಣುಕಿದವು. "ಬಿಡಲ್ಲ ಇದು, ಅಮ್ಮನ ಥರಾನೇ," ಅಂದು ಮತ್ತೆ ಕತ್ತರಿಸಿದ. ಕೊನೆಯದು ಮುಗಿದಾಗ ಸುಖೀಭವ ಅನ್ನಲು ಬಾಯಿ ತೆರೆದವನು ಮೊದಲು ಸ್ಕ್ರೀನ್ ನೋಡಿದ.

ಗೇಟಿನ ಹೊರಗೆ ಬಂದು ಅವನೇ ಚಿಲಕ ಹಾಕಿದ. ಆಮೇಲೆ ಮನೆಯ ದಿಕ್ಕಿಗೆ ತಿರುಗದೆ ಅಲ್ಲೇ ನಿಂತ.

"ಅದನ್ನ ಇಲ್ಲಿ ಕೊಡು," ಅಂದು ಟೆಸ್ಟರ್ ಇಸಿದುಕೊಂಡ. "ಪುಟ್ಟಯ್ಯ ಮಂಡಿ ಮುಚ್ಚೋಕೆ ಇನ್ನೂ ಟೈಮಿದೆ. ಹೋಗ್ಬಂದ್ಬಿಡೋಣ."

"ಏನಂತ ಹೇಳ್ತೀಯ ಅವರಿಗೆ?"

ಚಿಕ್ಕಪ್ಪ ತರಗುಪೇಟೆಯ ದಿಕ್ಕಿಗೆ ಹೆಜ್ಜೆ ಹಾಕಿದ. ಟೆಸ್ಟರ್ ಅವನ ಅಂಗಿಯ ಜೇಬಿನಲ್ಲಿ ಎದೆಗೆ ತಾಕಿಕೊಂಡಿತ್ತು.

"ಪುಟ್ಟಯ್ಯನಿಗೆ ಹೇಳೋದು ಕಷ್ಟ ಇಲ್ಲ ಕಣೆ," ಅಂದ. "ಆ ಇಲಿಗಳಿಗೆ ಏನಂತ ಹೇಳೋದು?"